ಪಂಚಾಂಗ ಓದಲು ಕೂತವರಿಗೆ ಮೊದಲ ಪಾಠ

ನಿಮ್ಮ ಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರನ್ನು ಒಮ್ಮೆ ಹತ್ತಿರದಿಂದ ನೋಡಿ. ತಾರೀಖಿನ ದೊಡ್ಡ ಅಂಕಿಯ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿರುತ್ತವೆ. ಅಲ್ಲಿ ಒಂದು ತಿಥಿಯ ಹೆಸರು, ಒಂದು ನಕ್ಷತ್ರದ ಹೆಸರು, ಪಕ್ಕದಲ್ಲಿ ಗಂಟೆ ನಿಮಿಷ, ಕೆಳಗೆ ರಾಹುಕಾಲ. ನಾವು ಹೆಚ್ಚಿನವರು ಹಬ್ಬ ಯಾವಾಗ, ರಜೆ ಯಾವಾಗ ಎಂದಷ್ಟೇ ನೋಡಿ ಮುಂದೆ ಹೋಗುತ್ತೇವೆ. ಆ ಸಣ್ಣ ಅಕ್ಷರಗಳನ್ನು ಓದಲು ನಿಮಗೆ ಕಲಿಸಬೇಕೆಂಬುದು ನನ್ನ ಆಸೆ. ಇದಕ್ಕೆ ಸಂಸ್ಕೃತ ಬರಬೇಕಾಗಿಲ್ಲ, ಜ್ಯೋತಿಷ್ಯದಲ್ಲಿ ನಂಬಿಕೆಯೂ ಬೇಕಾಗಿಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಂಚಾಂಗದೊಳಗೆ ಎರಡು ಬೇರೆ ಬೇರೆ ವಿದ್ಯೆಗಳಿವೆ. ಒಂದು ಗಣಿತ: ಸೂರ್ಯ ಎಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಎಂಬ ಲೆಕ್ಕ. ಇದು ಸರಿಯೋ ತಪ್ಪೋ ಎಂದು ಆಕಾಶ ನೋಡಿ ಹೇಳಬಹುದು. ಇನ್ನೊಂದು ಫಲ: ಈ ಹೊತ್ತು ಮದುವೆಗೆ ಒಳ್ಳೆಯದು, ಆ ಹೊತ್ತು ಪ್ರಯಾಣಕ್ಕೆ ಬೇಡ ಎಂಬ ನಿರ್ಣಯ. ಇದು ಶಾಸ್ತ್ರಗ್ರಂಥಗಳಿಂದಲೂ ಊರಿನ ವಾಡಿಕೆಯಿಂದಲೂ ಬಂದದ್ದು. ಕಲಿಯಲು ಬರುವವರೆಲ್ಲ ಎರಡನೆಯದರಿಂದಲೇ ಶುರು ಮಾಡಲು ಬಯಸುತ್ತಾರೆ. ನೀವು ಹಾಗೆ ಮಾಡಬೇಡಿ. ಗಣಿತ ಗೊತ್ತಾಗದೆ ಮುಹೂರ್ತಕ್ಕೆ ಕೈ ಹಾಕಿದರೆ ಬರೀ ಭಯ ಉಳಿಯುತ್ತದೆ.

ದಿನ ಎಂದರೇನು ಎಂಬಲ್ಲಿಂದ ಆರಂಭಿಸೋಣ. ಇಂಗ್ಲಿಷ್ ತಾರೀಖು ನಡುರಾತ್ರಿ ಬದಲಾಗುತ್ತದೆ. ಪಂಚಾಂಗದ ದಿನ ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗೆ. ಆದ್ದರಿಂದ ಮಂಗಳವಾರ ನಸುಕಿನ ಮೂರು ಗಂಟೆಗೆ ಹುಟ್ಟಿದ ಮಗುವಿಗೆ ಪಂಚಾಂಗದ ಪ್ರಕಾರ ಜನ್ಮವಾರ ಸೋಮವಾರ. ಈ ದಿನವನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಘಳಿಗೆ, ಅಂದರೆ 24 ನಿಮಿಷ. ಘಳಿಗೆಯ ಅರವತ್ತನೆಯ ಪಾಲು ವಿಘಳಿಗೆ, 24 ಸೆಕೆಂಡು. ಹಳೆಯ ಪಂಚಾಂಗಗಳಲ್ಲಿ ಸೂರ್ಯೋದಯವಾಗಿ ಇಷ್ಟು ಘಳಿಗೆ ಎಂದೇ ಬರೆದಿರುತ್ತಿತ್ತು. ಈಗ ಗಂಟೆ ನಿಮಿಷ ಕೊಡುತ್ತಾರೆ.

ಸೂರ್ಯೋದಯ ಎಲ್ಲ ಊರಿಗೂ ಒಂದೇ ಅಲ್ಲ. ನಮ್ಮ ಕೈಗಡಿಯಾರದ ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಉದಾಹರಣೆಗೆ, ನಮ್ಮ ಸೀಮೆಯ ನಾಗಮಂಗಲ ಇರುವುದು ಸುಮಾರು 76.75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿ ಸೂರ್ಯ ಸರಾಸರಿ 23 ನಿಮಿಷ ತಡ. ಅಂಗಳದಲ್ಲಿ ಕೋಲು ನೆಟ್ಟು ನೋಡಿ, ನೆರಳು ಅತಿ ಚಿಕ್ಕದಾಗುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂ ಇಪ್ಪತ್ತರ ಆಸುಪಾಸಿನಲ್ಲಿ. ಸೂರ್ಯೋದಯವೂ ಜೂನ್ ಮೊದಲಲ್ಲಿ ಆರಕ್ಕೆ ಕೊಂಚ ಮುಂಚೆ, ಜನವರಿ ಕೊನೆಯಲ್ಲಿ ಸುಮಾರು 6-50ಕ್ಕೆ. ಈ 23 ನಿಮಿಷ ನೆನಪಿರಲಿ, ರಾಹುಕಾಲದ ಮಾತು ಬಂದಾಗ ಬೇಕಾಗುತ್ತದೆ.

ಪಂಚಾಂಗ ಎಂದರೆ ಐದು ಅಂಗಗಳುಳ್ಳದ್ದು: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಇವುಗಳಲ್ಲಿ ತಿಥಿ ಅರ್ಥವಾದರೆ ಅರ್ಧ ಪಂಚಾಂಗ ಅರ್ಥವಾದಂತೆ. ಅದಕ್ಕಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೇಲುಕೋಟೆಯ ಕಲ್ಯಾಣಿಯನ್ನು ನೀವು ನೋಡಿರಬಹುದು. ಅದರ ಸುತ್ತ ಇಬ್ಬರು ಪ್ರದಕ್ಷಿಣೆ ಹಾಕುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರು ನಿಧಾನ, ಇನ್ನೊಬ್ಬರು ಚುರುಕು. ಒಂದೇ ಕಡೆಯಿಂದ ಹೊರಟರೂ ಚುರುಕಿನವರು ಮುಂದೆ ಹೋಗುತ್ತಾರೆ, ಅಂತರ ಹೆಚ್ಚುತ್ತದೆ, ಕೊನೆಗೆ ಒಂದು ಸುತ್ತು ಹೆಚ್ಚು ಹಾಕಿ ಹಿಂದಿನಿಂದ ಬಂದು ನಿಧಾನದವರನ್ನು ಮತ್ತೆ ಕೂಡುತ್ತಾರೆ. ಆಕಾಶದಲ್ಲಿ ನಿಧಾನದವನು ಸೂರ್ಯ, ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಚುರುಕಿನವನು ಚಂದ್ರ, ದಿನಕ್ಕೆ ಸುಮಾರು ಹದಿಮೂರು ಡಿಗ್ರಿ. ಇಬ್ಬರೂ ಕೂಡುವ ಕ್ಷಣಕ್ಕೆ ಅಮಾವಾಸ್ಯೆ ಮುಗಿಯುತ್ತದೆ. ಅಲ್ಲಿಂದ ಅಂತರ 12 ಡಿಗ್ರಿ ಆಗುವವರೆಗೆ ಪಾಡ್ಯ, 24 ಆಗುವವರೆಗೆ ಬಿದಿಗೆ, 36 ಆಗುವವರೆಗೆ ತದಿಗೆ. ಹೀಗೆ 180 ಡಿಗ್ರಿ ತಲುಪಿದರೆ ಹುಣ್ಣಿಮೆ ಮುಗಿಯಿತು, ಶುಕ್ಲಪಕ್ಷವೂ ಮುಗಿಯಿತು. ಉಳಿದ 180 ಡಿಗ್ರಿ ಕೃಷ್ಣಪಕ್ಷ. ಒಟ್ಟು ಮೂವತ್ತು ತಿಥಿಗಳಿಗೆ ಒಂದು ಚಾಂದ್ರಮಾಸ, ಸುಮಾರು ಇಪ್ಪತ್ತೊಂಬತ್ತೂವರೆ ದಿನ.

ಚಂದ್ರನ ವೇಗ ಒಂದೇ ಸಮನಾಗಿಲ್ಲ. ಭೂಮಿಗೆ ಹತ್ತಿರವಿದ್ದಾಗ ಬೇಗ ಓಡುತ್ತಾನೆ, ದೂರವಿದ್ದಾಗ ನಿಧಾನ. ಹೀಗಾಗಿ ಒಂದು ತಿಥಿ 19 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ತಿಥಿ ಹಗಲಲ್ಲೋ ರಾತ್ರಿಯಲ್ಲೋ ಯಾವ ಹೊತ್ತಿಗೆ ಬೇಕಾದರೂ ಬದಲಾಗುತ್ತದೆ. ಹಾಗಾದರೆ ಇಡೀ ದಿನಕ್ಕೆ ಯಾವ ತಿಥಿಯ ಹೆಸರು? ಸೂರ್ಯೋದಯದ ಹೊತ್ತಿಗೆ ನಡೆಯುತ್ತಿದ್ದ ತಿಥಿಯದು. ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕದಲ್ಲಿರುವ ಗಂಟೆ ಅದು ಮುಗಿಯುವ ಹೊತ್ತು, ಶುರುವಾಗುವ ಹೊತ್ತಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಒಂದು ನಿಜವಾದ ಉದಾಹರಣೆ ನೋಡೋಣ. 2026ರ ಯುಗಾದಿ ಮಾರ್ಚ್ 19, ಗುರುವಾರ. ಯುಗಾದಿ ಎಂದರೆ ಚೈತ್ರ ಶುದ್ಧ ಪಾಡ್ಯ. ಅಂದು ನಾಗಮಂಗಲದಲ್ಲಿ ಸೂರ್ಯ ಹುಟ್ಟಿದ್ದು ಸುಮಾರು 6-28ಕ್ಕೆ. ಆಗ ಇನ್ನೂ ಅಮಾವಾಸ್ಯೆಯೇ ಇತ್ತು. ಪಾಡ್ಯ ಹುಟ್ಟಿದ್ದು 6-52ಕ್ಕೆ. ಅದು ಮುಗಿದದ್ದು ಮರುದಿನ ನಸುಕಿನ 4-52ಕ್ಕೆ, ಅಂದರೆ ಶುಕ್ರವಾರದ ಸೂರ್ಯೋದಯಕ್ಕೆ ಮೊದಲೇ. ಎರಡು ಸೂರ್ಯೋದಯಗಳ ನಡುವೆ ಹುಟ್ಟಿ ನಡುವೆಯೇ ಮುಗಿದ ಇಂಥ ತಿಥಿಗೆ ಕ್ಷಯತಿಥಿ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಮುಟ್ಟಿದರೆ ಅದು ವೃದ್ಧಿ, ಕ್ಯಾಲೆಂಡರಿನಲ್ಲಿ ಒಂದೇ ಹೆಸರು ಎರಡು ದಿನ ಬರುತ್ತದೆ. ಪಾಡ್ಯ ಯಾವ ಸೂರ್ಯೋದಯಕ್ಕೂ ಸಿಗದಿದ್ದರೂ ಹಬ್ಬ ಬಿಡುವಂತಿಲ್ಲ, ಆದ್ದರಿಂದ ಗುರುವಾರವೇ ಯುಗಾದಿ, ಶುಕ್ರವಾರ ಹೊಸತೊಡಕು.

ಅದೇ ಪಾಡ್ಯ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡ ಕುಟುಂಬಕ್ಕೆ ಹೇಗೆ ಬಂತು? ತಿಥಿ ಬದಲಾಗುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಅಲ್ಲಿನ ಗಡಿಯಾರದಲ್ಲಿ ಅದು ಮಾರ್ಚ್ 18ರ ರಾತ್ರಿ 9-22. ಪಾಡ್ಯ ಮುಗಿದದ್ದು 19ರ ಸಂಜೆ 7-22. ಅಂದರೆ ಅಲ್ಲಿ 19ರ ಸೂರ್ಯೋದಯಕ್ಕೆ ಪಾಡ್ಯ ಸರಿಯಾಗಿ ಸಿಕ್ಕಿತು, ಕ್ಷಯವಾಗಲೇ ಇಲ್ಲ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದವರು ಅಲ್ಲಿ ಅದನ್ನು ಹಾಗೆಯೇ ಬಳಸುವುದು ಏಕೆ ಸರಿಯಲ್ಲ ಎಂಬುದು ಈಗ ನಿಮಗೇ ಗೊತ್ತಾಯಿತು.

ಸೂರ್ಯೋದಯದ ನಿಯಮ ಎಲ್ಲ ಹಬ್ಬಕ್ಕೂ ಅಲ್ಲ. ಗಣೇಶನ ಹಬ್ಬಕ್ಕೆ ಚೌತಿ ನಡುಹಗಲಿಗೆ ಇರಬೇಕು, ಶಿವರಾತ್ರಿಗೆ ಚತುರ್ದಶಿ ನಡುರಾತ್ರಿಗೆ ಇರಬೇಕು. ಏಕಾದಶಿಯ ಉಪವಾಸದಲ್ಲಿ ವೈಷ್ಣವರು ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಅರುಣೋದಯವನ್ನೇ ನೋಡುತ್ತಾರೆ, ಆ ಹೊತ್ತಿಗೆ ದಶಮಿ ಉಳಿದಿದ್ದರೆ ಉಪವಾಸ ಮರುದಿನಕ್ಕೆ. ಒಂದೇ ಬೀದಿಯಲ್ಲಿ ಎರಡು ದಿನ ಏಕಾದಶಿ ನಡೆದರೆ ಯಾರೋ ಲೆಕ್ಕ ತಪ್ಪಿದ್ದಾರೆ ಎಂದುಕೊಳ್ಳಬೇಡಿ. ಲೆಕ್ಕ ಒಂದೇ, ನಿಯಮ ಬೇರೆ.

ಮುಂದಿನದು ನಕ್ಷತ್ರ. ಸೂರ್ಯ ಚಂದ್ರರು ಸಾಗುವ ದಾರಿಯನ್ನು ಇಪ್ಪತ್ತೇಳು ಸಮಪಾಲು ಮಾಡಿ ಒಂದೊಂದಕ್ಕೂ ಅಲ್ಲಿನ ತಾರೆಯ ಹೆಸರಿಟ್ಟರು: ಅಶ್ವಿನಿಯಿಂದ ರೇವತಿಯವರೆಗೆ. ಒಂದು ಪಾಲು 13 ಡಿಗ್ರಿ 20 ಕಲೆ, ಅರವತ್ತು ಕಲೆಗೆ ಒಂದು ಡಿಗ್ರಿ. ಚಂದ್ರ ಒಂದು ಪಾಲನ್ನು ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಇಂದಿನ ನಕ್ಷತ್ರ ರೋಹಿಣಿ ಎಂದರೆ ಇಂದು ಚಂದ್ರ ರೋಹಿಣಿಯ ಪಾಲಿನಲ್ಲಿದ್ದಾನೆ ಎಂದರ್ಥ, ಅಷ್ಟೇ. ಮಾಸಗಳ ಹೆಸರೂ ಇಲ್ಲಿಂದಲೇ ಬಂದವು. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಇರುವ ತಿಂಗಳು ಚೈತ್ರ, ವಿಶಾಖೆಯ ಬಳಿ ಇದ್ದರೆ ವೈಶಾಖ, ಕೃತ್ತಿಕೆಯ ಬಳಿ ಇದ್ದರೆ ಕಾರ್ತಿಕ.

ನೀವು ಬೇಸಾಯದ ಮನೆಯವರಾದರೆ ನಕ್ಷತ್ರಗಳ ಪಾಠ ನಿಮಗೆ ಆಗಲೇ ಆಗಿದೆ. ರೋಹಿಣಿ ಮಳೆ, ಆರಿದ್ರಾ ಮಳೆ, ಹುಬ್ಬೆ ಮಳೆ ಎಂದು ಅಜ್ಜಂದಿರು ಹೇಳುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವುದು ಚಂದ್ರನನ್ನಲ್ಲ, ಸೂರ್ಯನನ್ನು. ಸೂರ್ಯ ಒಂದು ನಕ್ಷತ್ರದ ಪಾಲನ್ನು ದಾಟಲು ಹದಿಮೂರು ಹದಿನಾಲ್ಕು ದಿನ ಬೇಕು. ಏಪ್ರಿಲ್ 27ರ ಸುಮಾರಿಗೆ ಭರಣಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ಕ್ಕೆ ಆರಿದ್ರಾ, ಜುಲೈ 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, ಆಗಸ್ಟ್ ಕೊನೆಗೆ ಹುಬ್ಬೆ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಪಾಂಡವಪುರದ ಗದ್ದೆ ಬಯಲಿಗಿಂತ ಮಳೆಯನ್ನೇ ನಂಬಿದ ನಾಗಮಂಗಲದ ರಾಗಿ ಹೊಲಗಳಲ್ಲಿ ಈ ಹೆಸರುಗಳು ಹೆಚ್ಚು ಜೀವಂತವಾಗಿವೆ. ಸೂರ್ಯನ ದಾರಿಗೆ ಕಟ್ಟಿದ ಲೆಕ್ಕವಾದ್ದರಿಂದ ಈ ದಿನಗಳು ಇಂಗ್ಲಿಷ್ ತಾರೀಖಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಹಿಂದುಮುಂದಾಗುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇಷ್ಟು ನಿಖರವಾದ ಸೌರಗಣನೆ ಉಳಿದಿರುವುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಯೋಗ, ಕರಣಗಳನ್ನು ಬೇಗ ಮುಗಿಸೋಣ. ತಿಥಿಗೆ ಸೂರ್ಯ ಚಂದ್ರರ ಅಂತರ ತೆಗೆದುಕೊಂಡರೆ ಯೋಗಕ್ಕೆ ಇಬ್ಬರ ಸ್ಥಾನವನ್ನೂ ಕೂಡುತ್ತಾರೆ. ಮೊತ್ತವನ್ನು 13 ಡಿಗ್ರಿ 20 ಕಲೆಗಳ ಪಾಲುಗಳಾಗಿ ಎಣಿಸಿದರೆ ವಿಷ್ಕಂಭದಿಂದ ವೈಧೃತಿಯವರೆಗೆ ಇಪ್ಪತ್ತೇಳು ಯೋಗಗಳು. ಕರಣ ಎಂದರೆ ಅರ್ಧ ತಿಥಿ. ಇದಕ್ಕೆ ಹನ್ನೊಂದು ಹೆಸರುಗಳಿವೆ, ಅವುಗಳಲ್ಲಿ ವಿಷ್ಟಿ ಅಥವಾ ಭದ್ರೆ ಎಂಬುದನ್ನು ಶುಭಕಾರ್ಯಕ್ಕೆ ಬಿಡುತ್ತಾರೆ. ಸದ್ಯಕ್ಕೆ ಇಷ್ಟು ಸಾಕು.

ಈಗ ಮಾಸ, ವರ್ಷ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೂರ್ಯನ ವರ್ಷ 365 ದಿನ. ಹನ್ನೊಂದು ದಿನದ ಈ ಸಾಲ ಮೂರು ವರ್ಷ ತುಂಬುವ ಮೊದಲೇ ಒಂದು ತಿಂಗಳಾಗುತ್ತದೆ. ಆಗ ಅಧಿಕಮಾಸ ಸೇರಿಸಿ ತೀರಿಸುತ್ತಾರೆ. ಯಾವಾಗ ಸೇರಿಸಬೇಕು ಎಂಬುದಕ್ಕೆ ಸೊಗಸಾದ ನಿಯಮವಿದೆ. ಸೂರ್ಯ ಒಂದು ರಾಶಿಯಿಂದ ಮುಂದಿನದಕ್ಕೆ ದಾಟುವುದು ಸಂಕ್ರಮಣ. ಒಂದು ಅಮಾವಾಸ್ಯೆ ಮುಗಿದ ಮೇಲೆ ಮುಂದಿನ ಅಮಾವಾಸ್ಯೆ ಮುಗಿಯುವುದರೊಳಗೆ ಸಂಕ್ರಮಣವೇ ಬರದಿದ್ದರೆ ಆ ತಿಂಗಳು ಅಧಿಕ. 2026ರಲ್ಲಿ ಸೂರ್ಯ ವೃಷಭಕ್ಕೆ ಬಂದದ್ದು ಮೇ 15ಕ್ಕೆ, ಅಮಾವಾಸ್ಯೆ ಮುಗಿದದ್ದು 16ರ ನಡುರಾತ್ರಿ ಕಳೆದ ಮೇಲೆ. ಮುಂದಿನ ಅಮಾವಾಸ್ಯೆಗೆ ಜೂನ್ 15ರ ಬೆಳಗ್ಗೆ ಸುಮಾರು 8-24ರ ಗಡಿ, ಮಿಥುನ ಸಂಕ್ರಮಣವೋ ಅದೇ ದಿನ ಮಧ್ಯಾಹ್ನ. ಕೆಲವೇ ಗಂಟೆಗಳಿಂದ ಸಂಕ್ರಮಣ ಆಚೆ ಬಿತ್ತು, ಆದ್ದರಿಂದ ಆ ಮಾಸ ಅಧಿಕ ಜ್ಯೇಷ್ಠ.

ಚಾಂದ್ರಮಾನ, ಸೌರಮಾನ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಾಲಯದ ಲಕ್ಷ ದೀಪೋತ್ಸವ ಮಕರ ಸಂಕ್ರಾಂತಿಗೆ, ಅದು ಸೌರ, ಪ್ರತಿ ವರ್ಷವೂ ಜನವರಿ 14 ಅಥವಾ 15. ಅದೇ ದೇವಾಲಯದ ರಥೋತ್ಸವ ರಥಸಪ್ತಮಿಗೆ, ಅದು ಚಾಂದ್ರ. 2024ರಲ್ಲಿ ಫೆಬ್ರವರಿ 16, 2025ರಲ್ಲಿ ಫೆಬ್ರವರಿ 4, 2026ರಲ್ಲಿ ಜನವರಿ 25. ಮೇಲುಕೋಟೆಯ ವೈರಮುಡಿ ಉತ್ಸವ ಇನ್ನೂ ಸ್ವಾರಸ್ಯಕರ. ಸೂರ್ಯ ಮೀನ ರಾಶಿಯಲ್ಲಿರುವ ಸೌರಮಾಸದೊಳಗೆ ಚಂದ್ರನ ನಕ್ಷತ್ರ ನೋಡಿ ಅಲ್ಲಿನ ಬ್ರಹ್ಮೋತ್ಸವದ ದಿನಗಳನ್ನು ಗೊತ್ತುಮಾಡುತ್ತಾರೆ. ಆದ್ದರಿಂದಲೇ 2024ರಲ್ಲಿ ವೈರಮುಡಿ ಯುಗಾದಿಗೆ ಮುಂಚೆ, ಮಾರ್ಚ್ 21ಕ್ಕೆ ಬಂತು. 2025ರಲ್ಲಿ ಮಾರ್ಚ್ 30ರ ಯುಗಾದಿ ಕಳೆದ ಮೇಲೆ, ಏಪ್ರಿಲ್ 7ಕ್ಕೆ. ಫಾಲ್ಗುಣವೋ ಚೈತ್ರವೋ ಎಂಬುದು ಅಲ್ಲಿ ಮುಖ್ಯವಲ್ಲ, ಮೀನಮಾಸ ಮುಖ್ಯ.

ವರ್ಷಗಳಿಗೆ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು, ಇವೇ ಸಂವತ್ಸರಗಳು. ಕ್ರಿಸ್ತಶಕದಿಂದ 78 ಕಳೆದರೆ ಯುಗಾದಿಯ ನಂತರದ ಶಾಲಿವಾಹನ ಶಕವರ್ಷ ಸಿಗುತ್ತದೆ. ಅದಕ್ಕೆ 12 ಕೂಡಿ 60ರಿಂದ ಭಾಗಿಸಿ, ಶೇಷವೇ ಸಂವತ್ಸರದ ಸಂಖ್ಯೆ. 2026ಕ್ಕೆ ಶಕ 1948, ಶೇಷ 40, ಪರಾಭವ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದು. ಶಕ 1093, ಶೇಷ 25, ಖರ ಸಂವತ್ಸರ. ನಮ್ಮ ಊರುಗಳ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಸಾಲಾಗಿ ಹೇಳುವುದು ಇದೇ ಕ್ರಮದಲ್ಲಿ. ಗ್ರಹಣವನ್ನೋ ಸಂಕ್ರಮಣವನ್ನೋ ನೋಡಿ ದಾನ ಕೊಟ್ಟಿದ್ದರೆ ಅದನ್ನೂ ಸೇರಿಸುತ್ತವೆ. ಇಷ್ಟು ಅಂಶಗಳು ಒಂದಕ್ಕೊಂದು ತಾಳೆಯಾದರೆ ಶಾಸನತಜ್ಞರು ಇಂಗ್ಲಿಷ್ ತಾರೀಖನ್ನೇ ಕಂಡುಹಿಡಿಯುತ್ತಾರೆ. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳು ಇದಕ್ಕೆ ಬಹುಕಾಲದಿಂದ ನೆರವಾಗಿವೆ.

ಇಲ್ಲಿ ಟಿಪ್ಪು ಸುಲ್ತಾನನನ್ನೂ ನೆನೆಯಬೇಕು. ಶ್ರೀರಂಗಪಟ್ಟಣದಲ್ಲಿ ಅವನು ಮೌಲೂದಿ ಎಂಬ ಹೊಸ ಶಕೆ ತಂದ. ಮೊದಲ ತಿಂಗಳಿಗೆ ಅಹಮದಿ ಎಂದು ಹೆಸರಿಟ್ಟ, ಅರವತ್ತು ಸಂವತ್ಸರಗಳಿಗೂ ಬೇರೆ ಹೆಸರು ಕೊಟ್ಟ. ಆದರೆ ಒಳಗಿನ ಚೌಕಟ್ಟು ಪಂಚಾಂಗದ್ದೇ: ಚೈತ್ರಾದಿ ಮಾಸಗಳ ಹೆಜ್ಜೆ, ಅಧಿಕಮಾಸ, ಅರವತ್ತರ ಚಕ್ರ. ಶುದ್ಧ ಚಾಂದ್ರವಾದ ಹಿಜರಿ ವರ್ಷ ಋತುಗಳಿಂದ ಜಾರುತ್ತ ಹೋಗುತ್ತದೆ, ಬೆಳೆಯ ಕಂದಾಯಕ್ಕೆ ಅದು ಒಗ್ಗುವುದಿಲ್ಲ.

ಇಷ್ಟು ಗಟ್ಟಿಯಾದ ಮೇಲೆ ಶುಭ ಅಶುಭದ ಮಾತಿಗೆ ಬರಬಹುದು. ಹೆಚ್ಚು ಜನ ನೋಡುವುದು ರಾಹುಕಾಲ. ಇದು ಗ್ರಹಣವಲ್ಲ, ಆಕಾಶದಲ್ಲಿ ಕಾಣುವ ಘಟನೆಯೂ ಅಲ್ಲ, ಹಗಲಿನ ಒಂದು ಪಾಲು ಮಾತ್ರ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿದರೆ ಸೋಮವಾರ ಎರಡನೆಯ ಭಾಗ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. ಸೋಮವಾರ 7-30ರಿಂದ 9 ಎಂದು ಗೋಡೆಯ ಕ್ಯಾಲೆಂಡರ್ ಹೇಳುವುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದಿಟ್ಟುಕೊಂಡು. ನಾಗಮಂಗಲದಲ್ಲಿ ಮಾರ್ಚ್ ಮೂರನೆಯ ವಾರ ಸೂರ್ಯ ಹುಟ್ಟುವುದು ಆರೂವರೆಯ ಹತ್ತಿರ. ಆದ್ದರಿಂದ ಅಲ್ಲಿ ಸೋಮವಾರದ ರಾಹುಕಾಲ ಎಂಟರ ಸುಮಾರಿಗೆ ಶುರುವಾಗಿ ಒಂಬತ್ತೂವರೆಯ ಸುಮಾರಿಗೆ ಮುಗಿಯುತ್ತದೆ. ಕ್ಯಾಲೆಂಡರ್ ನಂಬಿ ಒಂಬತ್ತಾಯಿತೆಂದು ನೆಮ್ಮದಿಯಿಂದ ಹೊರಟವರು ರಾಹುಕಾಲದಲ್ಲೇ ಹೊರಟಿರುತ್ತಾರೆ! ಪಾಲಿಸುವುದಾದರೆ ಸರಿಯಾಗಿ ಲೆಕ್ಕ ಹಾಕಿ ಪಾಲಿಸಿ, ಇಲ್ಲವಾದರೆ ಬಿಡಿ.

ಒಳ್ಳೆಯ ಹೊತ್ತಿಗೂ ಹೀಗೆಯೇ ಲೆಕ್ಕವಿದೆ. ಹಗಲನ್ನು ಹದಿನೈದು ಪಾಲು ಮಾಡಿದರೆ ಒಂದೊಂದೂ ಒಂದು ಮುಹೂರ್ತ, ಸುಮಾರು 48 ನಿಮಿಷ. ನಡುವಿನ ಎಂಟನೆಯದು ಅಭಿಜಿನ್ಮುಹೂರ್ತ. ನಮ್ಮಲ್ಲಿ ಅದು ಸರಾಸರಿ ಹನ್ನೆರಡರಿಂದ ಮುಕ್ಕಾಲು ಗಂಟೆ. ಬುಧವಾರ ಅದರ ಕೊನೆಯ ಅರ್ಧ ರಾಹುಕಾಲದೊಳಗೆ ಸೇರಿಬಿಡುತ್ತದೆ.

ಮದುವೆಯ ಮುಹೂರ್ತಕ್ಕೆ ಜೋಯಿಸರು ಇದಕ್ಕಿಂತ ಬಹಳ ಹೆಚ್ಚು ನೋಡುತ್ತಾರೆ: ಆಷಾಢ, ಅಧಿಕಮಾಸಗಳನ್ನು ಬಿಡುತ್ತಾರೆ, ಗುರು ಶುಕ್ರರು ಸೂರ್ಯನ ಬೆಳಕಿನಲ್ಲಿ ಮರೆಯಾದ ದಿನಗಳನ್ನು ಬಿಡುತ್ತಾರೆ, ಪೂರ್ವದಲ್ಲಿ ಯಾವ ರಾಶಿ ಉದಯಿಸುತ್ತಿದೆ ಎಂದು ನೋಡಿ ಲಗ್ನ ಇಡುತ್ತಾರೆ. ಇವುಗಳಲ್ಲಿ ತಾರಾಬಲವನ್ನು ನೀವೇ ಹಾಕಬಹುದು. ಜನ್ಮನಕ್ಷತ್ರದಿಂದ ದಿನದ ನಕ್ಷತ್ರದವರೆಗೆ, ಎರಡನ್ನೂ ಸೇರಿಸಿ ಎಣಿಸಿ, ಒಂಬತ್ತರಿಂದ ಭಾಗಿಸಿ. ಶೇಷ ಮೂರು, ಐದು, ಏಳು ಬಂದರೆ ಬೇಡ. ಎರಡು, ನಾಲ್ಕು, ಆರು, ಎಂಟು, ಸೊನ್ನೆ ಒಳ್ಳೆಯದು. ಒಂದು ಬಂದರೆ ಮಿಶ್ರ. ರೋಹಿಣಿಯಲ್ಲಿ ಹುಟ್ಟಿದವರಿಗೆ ಉತ್ತರೆ ಒಂಬತ್ತನೆಯದು, ಶೇಷ ಸೊನ್ನೆ, ಹೆಸರು ಪರಮಮಿತ್ರ.

ಶುಭ ಅಶುಭ ಎಂಬುದು ಕೆಲಸವನ್ನೂ ನೆಲೆಯನ್ನೂ ಅನುಸರಿಸಿ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಮಾವಾಸ್ಯೆಗೆ ಹೊಸ ಕೆಲಸ ಬೇಡ ಎನ್ನುವ ಮನೆಯವರೇ ಆದಿಚುಂಚನಗಿರಿಯ ಕಾಲಭೈರವೇಶ್ವರನ ಅಮಾವಾಸ್ಯೆ ಪೂಜೆಗೆ ಬೆಟ್ಟ ಹತ್ತುತ್ತಾರೆ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ರಾಹುಕಾಲ ಮುಗಿಯಲಿ ಎಂದು ಕಾಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಕಾಯಿಸುವುದು ಪಂಚಾಂಗವಲ್ಲ, ಭಯ.

ನೀವು ಮುಂದೆ ಮಾಡಬೇಕಾದದ್ದು ಇಷ್ಟು. ನಿಮ್ಮ ಊರಿಗೆ ಹತ್ತಿರದ ಸ್ಥಳಕ್ಕೆ ಗಣಿಸಿದ ಒಂದು ಪಂಚಾಂಗ ಕೊಳ್ಳಿ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಬಿದಿಗೆಯೋ ತದಿಗೆಯೋ ಇರುವ ಸಂಜೆ ಪಶ್ಚಿಮಕ್ಕೆ ನೋಡಿ ಚಂದ್ರನನ್ನು ಹುಡುಕಿ. ಅಂದಿನಿಂದ ಹುಣ್ಣಿಮೆಯವರೆಗೆ ದಿನವೂ ತಿಥಿ ನಕ್ಷತ್ರ ಬರೆದುಕೊಂಡು ಆಕಾಶದೊಡನೆ ತಾಳೆ ನೋಡಿ. ಯೋಗ ಕರಣಗಳ ಕಾಲಂಗಳಿಗೆ ಆಮೇಲೆ ಬನ್ನಿ.